ಚಂದ್ರನ ಮೇಲೆ ಕಾಯಂ ನೆಲೆ: ತುಮರಿ ಕಡೆಯ ಓದುಗರೊಬ್ಬರಿಗೆ ಉತ್ತರ

ಪ್ರಶ್ನೆ: ಸಾರ್, ನಮ್ಮ ಊರು ಸಾಗರ ತಾಲ್ಲೂಕಿನ ತುಮರಿ ಹತ್ತಿರ. ಲಿಂಗನಮಕ್ಕಿ ಡ್ಯಾಂ ಆಗಿ ಅರವತ್ತು ವರ್ಷ ಕಳೆದ ಮೇಲೆ, 2025ರಲ್ಲಿ ನಮಗೊಂದು ಸೇತುವೆ ಬಂತು. ಈಗ ನೋಡಿದರೆ ಇನ್ನು ಹತ್ತು ಹದಿನೈದು ವರ್ಷದಲ್ಲಿ ಚಂದ್ರನ ಮೇಲೆ ಜನ ಕಾಯಂ ಆಗಿ ಇರ್ತಾರೆ ಅಂತ ಎಲ್ಲ ಕಡೆ ಹೇಳ್ತಿದ್ದಾರೆ. ಇದು ಆಗೋ ಮಾತಾ, ಸುಮ್ನೆ ಪ್ರಚಾರವಾ? ಪಿಯುಸಿ ಓದ್ತಿರೋ ಮಗಳು ಅಲ್ಲೇ ಕೆಲಸ ಮಾಡ್ತೀನಿ ಅಂತಾಳೆ, ಏನು ಓದಿಸಬೇಕು? ಇನ್ನೊಂದು, ಆನ್‌ಲೈನ್‌ನಲ್ಲಿ ಚಂದ್ರನ ಜಾಗವನ್ನು ಎಕರೆ ಲೆಕ್ಕದಲ್ಲಿ ಮಾರ್ತಾರಲ್ಲ, ಅದು ನಿಜವಾ?

ಉತ್ತರ: ನಾಲ್ಕೈದು ಜನ ಸರದಿ ಮೇಲೆ ಹೋಗಿ ಕೆಲ ತಿಂಗಳು ಇದ್ದು ಬರುವ ಒಂದು ನೆಲೆ ಆಗುವ ಮಾತು. ಹೆಂಡತಿ ಮಕ್ಕಳು, ಶಾಲೆ, ಅಂಗಡಿ ಅಂತ ಒಂದು ಊರು ನಿಮ್ಮ ಮಗಳ ಕಾಲಕ್ಕಂತೂ ಆಗುವುದಿಲ್ಲ. ಸಿನಿಮಾದಲ್ಲಿ ತೋರಿಸುವ ಗಾಜಿನ ಗುಮ್ಮಟ, ಒಳಗೆ ಹಸಿರು ಮರ ಇವನ್ನೆಲ್ಲ ಮೊದಲೇ ತಲೆಯಿಂದ ತೆಗೆದುಬಿಡಿ.

'ಕಾಯಂ' ಅಂದರೆ ಇಲ್ಲಿ ನೆಲೆ ಕಾಯಂ, ಜನ ಅಲ್ಲ. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣಕ್ಕೆ 2000ದ ನವೆಂಬರ್‌ನಲ್ಲಿ ಮೊದಲ ತಂಡ ಹೋಯಿತು. ಅವತ್ತಿನಿಂದ ಅದು ಒಂದು ದಿನವೂ ಖಾಲಿ ಬಿದ್ದಿಲ್ಲ. ಆದರೆ ಒಬ್ಬೊಬ್ಬರು ಇರುವುದು ಸುಮಾರು ಆರು ತಿಂಗಳು. ಅಂಟಾರ್ಕ್ಟಿಕಾದಲ್ಲಿ ನಮ್ಮವೇ ಎರಡು ನೆಲೆ ಇವೆ, ಮೈತ್ರಿ ಮತ್ತು ಭಾರತಿ. ಅಲ್ಲೂ ಹಾಗೇ, ತಂಡ ಬದಲಾಗುತ್ತಾ ಇರುತ್ತದೆ. ಚಂದ್ರನಲ್ಲಿ ಆಗುವುದಿದ್ದರೆ ಇದೇ ತರಹದ್ದು.

ಹಾಗಾದರೆ ತಡ ಯಾಕೆ? ಹೋಗೋಕೆ ಆಗುತ್ತಾ ಅನ್ನುವ ಪ್ರಶ್ನೆ 1969ರಲ್ಲೇ ಮುಗಿದಿದೆ. 1972ರ ಒಳಗೆ ಹನ್ನೆರಡು ಜನ ಅಲ್ಲಿ ನಡೆದಾಡಿದರು. ಆದರೆ ಅತಿ ಜಾಸ್ತಿ ಹೊತ್ತು ಇದ್ದ, ಅಮೆರಿಕದ ಅಪೊಲೊ 17 ಯಾನದ ಇಬ್ಬರೂ ನೆಲದ ಮೇಲೆ ಇದ್ದದ್ದು 75 ಗಂಟೆ. ಮೂರು ದಿನ, ಚಿಲ್ಲರೆ. ಇನ್ನೊಂದು ವಿಷಯವನ್ನು ಜನ ಗಮನಿಸುವುದಿಲ್ಲ. ಅಪೊಲೊದ ಆರೂ ತಂಡಗಳು ಇಳಿದದ್ದು ಚಂದ್ರನ ಬೆಳಗಿನ ಹೊತ್ತಲ್ಲಿ, ವಾಪಸ್ ಹೊರಟದ್ದು ಅಲ್ಲಿ ಕತ್ತಲಾಗುವುದಕ್ಕೆ ಬಹಳ ಮುಂಚೆ. ಚಂದ್ರನ ಮೇಲೆ ಒಂದು ರಾತ್ರಿ ಕಳೆದ ಮನುಷ್ಯ ಇನ್ನೂ ಯಾರೂ ಇಲ್ಲ.

ನನ್ನ ಪ್ರಕಾರ ಇಡೀ ವಿಷಯದ ಗಂಟು ಇರುವುದು ಇಲ್ಲೇ. ಚಂದ್ರನ ಒಂದು ಹಗಲು ನಮ್ಮ ಸುಮಾರು 14 ದಿನ. ರಾತ್ರಿಯೂ ಅಷ್ಟೇ. ಸಮಭಾಜಕದ ಹತ್ತಿರ ಹಗಲು 120 ಡಿಗ್ರಿ ಮುಟ್ಟುತ್ತದೆ, ರಾತ್ರಿ ಸೊನ್ನೆಗಿಂತ 130 ಡಿಗ್ರಿ ಕೆಳಗೆ ಇಳಿಯುತ್ತದೆ. ನಮ್ಮ ಚಂದ್ರಯಾನ-3 ನೆನಪಿದೆಯಲ್ಲ? 2023ರ ಆಗಸ್ಟ್ 23ಕ್ಕೆ ಇಳಿಯುವ ನೌಕೆ (ಲ್ಯಾಂಡರ್) ವಿಕ್ರಮ್ ಇಳಿಯಿತು, ಅದರೊಳಗಿನ ಗಾಡಿ (ರೋವರ್) ಪ್ರಜ್ಞಾನ್ ಓಡಾಡಿತು, ಸೆಪ್ಟೆಂಬರ್ ಶುರುವಿನಲ್ಲಿ ಎರಡನ್ನೂ ಮಲಗಿಸಿದರು. ಸೂರ್ಯ ಮತ್ತೆ ಹುಟ್ಟಿದ ಮೇಲೆ ಕರೆದರೆ ಅವು ಓಗೊಡಲಿಲ್ಲ. ಅದನ್ನು ಸೋಲು ಅನ್ನಬಾರದು, ಒಂದು ಹಗಲಿಗೆ ಅಂತಲೇ ಮಾಡಿದ ಯಂತ್ರಗಳು ಅವು. ಚೀನಾದ ಯುಟು-2 ರೋವರ್ 2019ರ ಜನವರಿಯಲ್ಲಿ ಇಳಿದು ವರ್ಷಗಟ್ಟಲೆ ಬದುಕಿತು. ರಾತ್ರಿ ಒಳಗೆ ಬೆಚ್ಚಗೆ ಇಡೋಕೆ ವಿಕಿರಣದಿಂದ ಶಾಖ ಕೊಡುವ ಸಣ್ಣ ಘಟಕಗಳು ಅದರಲ್ಲಿದ್ದವು. ನಮ್ಮದರಲ್ಲಿ ಇರಲಿಲ್ಲ.

ಯಂತ್ರವನ್ನಾದರೂ ಮಲಗಿಸಬಹುದು, ಮನುಷ್ಯ ಉಸಿರಾಡುತ್ತಲೇ ಇರಬೇಕು. ಒಂದು ಲೆಕ್ಕ ಹಾಕೋಣ. ನಾಲ್ಕು ಜನರ ನೆಲೆಗೆ ಗಾಳಿ, ಶಾಖ, ನೀರಿನ ಯಂತ್ರ, ಸಂಪರ್ಕ ಎಲ್ಲ ಸೇರಿ 20 ಕಿಲೋವಾಟ್ ಅಂತ ಇಟ್ಟುಕೊಳ್ಳಿ. 14 ದಿನ ಅಂದರೆ 336 ಗಂಟೆ. ಮೆಸ್ಕಾಂ ಬಿಲ್ಲಿನ ಭಾಷೆಯಲ್ಲಿ 6,720 ಯುನಿಟ್. ಒಳ್ಳೆಯ ಲಿಥಿಯಂ ಬ್ಯಾಟರಿ ಕೆಜಿಗೆ ಹೆಚ್ಚೂ ಕಡಿಮೆ 0.2 ಯುನಿಟ್ ಹಿಡಿಯುತ್ತದೆ. ಅಂದರೆ ಬರೀ ಬ್ಯಾಟರಿಯೇ 33 ಟನ್ ದಾಟಿತು. ವಿಕ್ರಮ್ ಲ್ಯಾಂಡರ್ ಇಂಧನ, ರೋವರ್ ಎಲ್ಲ ಸೇರಿ ಇದ್ದದ್ದು ಸುಮಾರು 1,750 ಕೆಜಿ. ಈಗ ಸಣ್ಣ ಖಾಸಗಿ ಲ್ಯಾಂಡರ್‌ಗಳಲ್ಲಿ ಚಂದ್ರನಿಗೆ ಸಾಮಾನು ಕಳಿಸೋಕೆ ಒಂದು ಅಮೆರಿಕನ್ ಕಂಪನಿ ಹೇಳಿದ ದರ ಕೆಜಿಗೆ 12 ಲಕ್ಷ ಡಾಲರ್. ದೊಡ್ಡ ರಾಕೆಟ್ ಬಂದರೆ ಇದು ತುಂಬಾ ಇಳಿಯುತ್ತದೆ, ಒಪ್ಪೋಣ. ಆದರೂ 33 ಟನ್ ಬ್ಯಾಟರಿ ಹೊತ್ತು ಹಾಕೋದು ಬುದ್ಧಿವಂತರ ಕೆಲಸ ಅಲ್ಲ.

ಇದಕ್ಕೆ ಎರಡು ದಾರಿ ಇವೆ. ಒಂದು, ಕತ್ತಲು ಕಡಿಮೆ ಇರುವ ಕಡೆ ಹೋಗುವುದು. ಎಲ್ಲರೂ ದಕ್ಷಿಣ ಧ್ರುವ ಅಂತ ಬಡಕೊಳ್ಳೋದು ಅದಕ್ಕೇ. ಅಲ್ಲಿ ಶ್ಯಾಕಲ್ಟನ್ ಅಂತ 21 ಕಿ.ಮೀ. ಅಗಲದ, ನಾಲ್ಕು ಕಿ.ಮೀ. ಆಳದ ಕುಳಿ ಇದೆ. ಅದರ ಅಂಚಿನ ಕೆಲವು ಎತ್ತರದ ಜಾಗಗಳಿಗೆ ವರ್ಷದ ಬಹುಪಾಲು ಬಿಸಿಲು ಬೀಳುತ್ತದೆ. ಸೂರ್ಯ ಅಲ್ಲಿ ನೆತ್ತಿಗೆ ಬರುವುದಿಲ್ಲ, ದಿಗಂತದ ಅಂಚಲ್ಲೇ ಸುತ್ತು ಹೊಡೆಯುತ್ತಾನೆ. ಹಾಗಾಗಿ ಸೌರಫಲಕಗಳನ್ನು ಚಾವಣಿಗೆ ಮಲಗಿಸಿದರೆ ಪ್ರಯೋಜನವಿಲ್ಲ, ಕಂಬದ ಮೇಲೆ ನೆಟ್ಟಗೆ ನಿಲ್ಲಿಸಬೇಕು. ಇನ್ನೊಂದು ದಾರಿ ಸಣ್ಣ ಅಣು ರಿಯಾಕ್ಟರ್. ನಾಸಾ ಮೊದಲು ಕೇಳಿದ್ದು 40 ಕಿಲೋವಾಟ್ ಕೊಡುವ, ಆರು ಟನ್ನಿಗಿಂತ ಹಗುರಾದ, ಹತ್ತು ವರ್ಷ ಓಡುವ ರಿಯಾಕ್ಟರನ್ನು. 33 ಟನ್ ಬ್ಯಾಟರಿಯ ಎದುರು ಆರು ಟನ್, ಅದೂ ಎರಡು ಪಟ್ಟು ವಿದ್ಯುತ್. ಅಣು ಅಂದ ಕೂಡಲೇ ನಮ್ಮ ಕಡೆ ಮುಖ ಸಿಂಡರಿಸುವವರು ಇದ್ದಾರೆ, ಆದರೆ ನನ್ನ ಮಾತು ಕೇಳಿದರೆ ರಿಯಾಕ್ಟರ್ ಇಲ್ಲದ ನೆಲೆ ಕಾಯಂ ಆಗುವುದಿಲ್ಲ. ರಾಕೆಟ್ ಸುದ್ದಿ ಬಂದಾಗ ಕುಣಿಯಬೇಡಿ, ರಿಯಾಕ್ಟರ್ ಅಲ್ಲಿ ಕೂತ ಸುದ್ದಿ ಬಂದಾಗ ಈ ಯೋಜನೆ ನಿಜವಾಯಿತು ಅಂತ ತಿಳಕೊಳ್ಳಿ.

ಈಗ ಮನೆ. ನಾನು ಮಣ್ಣು, ಅಡಿಪಾಯದ ಪಾಠ ಮಾಡಿಕೊಂಡು ಬಂದವನು, ಹಾಗಾಗಿ ಇಲ್ಲಿ ಸ್ವಲ್ಪ ಜಾಸ್ತಿ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಭೂಮಿಯ ಮೇಲೆ ಮನೆಯ ಚಿಂತೆ ಎಲ್ಲ ಕೆಳಮುಖ. ಮಾಡಿನ ಭಾರ ಗೋಡೆಗೆ, ಗೋಡೆಯ ಭಾರ ಅಡಿಪಾಯಕ್ಕೆ. ಚಂದ್ರನಲ್ಲಿ ಹೊರಗೆ ಗಾಳಿ ಇಲ್ಲ, ಒಳಗೆ ಗಾಳಿ ತುಂಬಬೇಕು. ನಮ್ಮ ವಾತಾವರಣದಷ್ಟೇ ಒತ್ತಡ ತುಂಬಿದರೆ ಒಂದೊಂದು ಚದರ ಮೀಟರ್ ಗೋಡೆಯನ್ನೂ ಅದು ಹತ್ತು ಟನ್ ಬಲದಲ್ಲಿ ಹೊರಕ್ಕೆ ನೂಕುತ್ತದೆ. ಅಂದರೆ ಮನೆ ಕುಸಿಯುವ ಭಯ ಇಲ್ಲ, ಸಿಡಿಯುವ ಭಯ. ಕೆಲವರು ಮೇಲೆ ಮಣ್ಣು ಹೇರಿದರೆ ಸರಿಹೋಗುತ್ತದೆ ಅನ್ನುತ್ತಾರೆ. ಮೂರು ಮೀಟರ್ ಮಣ್ಣು ಹೇರಿ ನೋಡಿ. ಭೂಮಿಯಲ್ಲಿ ಚದರ ಮೀಟರಿಗೆ ಐದು ಟನ್ ಭಾರ. ಅಲ್ಲಿ ಗುರುತ್ವ ಆರನೇ ಒಂದು, ಹಾಗಾಗಿ ಒಂದು ಟನ್ನೂ ಇಲ್ಲ. ಹತ್ತು ಟನ್ ನೂಕುವುದನ್ನು ಒಂದು ಟನ್ ತಡೆಯುತ್ತದಾ?

ಇಟ್ಟಿಗೆ ಮನೆ ಆಗುವುದಿಲ್ಲ ಅಂತ ನಾನು ಹೇಳುವುದು ಇದಕ್ಕೇ. ಇಟ್ಟಿಗೆ ಒತ್ತಿದರೆ ತಡೆಯುತ್ತದೆ, ಎಳೆದರೆ ಬಿರುಕು ಬಿಡುತ್ತದೆ. 2020ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಮತ್ತು ಇಸ್ರೊದವರು ಚಂದ್ರನ ಮಣ್ಣಿನಂಥ ಪುಡಿಗೆ ಒಂದು ಬ್ಯಾಕ್ಟೀರಿಯಾ, ಯೂರಿಯಾ, ಗೋರಿಕಾಯಿ ಬೀಜದ ಅಂಟು ಸೇರಿಸಿ ಇಟ್ಟಿಗೆ ಮಾಡಿದರು. ಪೇಪರಿನವರು ಚಂದ್ರನ ಮೇಲೆ ಮನೆ ರೆಡಿ ಅಂತ ಬರೆದರು. ಕೆಲಸ ನಿಜವಾಗಿ ಚೆನ್ನಾಗಿದೆ, ಬರೆದದ್ದು ತಪ್ಪು. ಆ ಇಟ್ಟಿಗೆ ಬೇಕಾಗುವುದು ಹೊರಗೆ. ರಾಕೆಟ್ ಇಳಿಯುವ ಕಟ್ಟೆಗೆ, ಧೂಳು ತಡೆಯುವ ಗೋಡೆಗೆ, ಒಳಗಿನ ಮನೆಗೆ ಹೊದಿಸುವ ಕವಚಕ್ಕೆ. ಜನ ಇರುವ ಕೋಣೆ ಲೋಹದ ಡಬ್ಬಿ ಇಲ್ಲವೇ ಗಟ್ಟಿ ಬಟ್ಟೆಯ ಊದುಚೀಲ ಆಗಿರಬೇಕು. ಅದು ಭೂಮಿಯಿಂದಲೇ ಹೋಗಬೇಕು.

ಮಣ್ಣು ಹೊದಿಸುವುದು ಮಾತ್ರ ಬೇಕೇ ಬೇಕು. ವಿಕಿರಣದ ದೆಸೆಯಿಂದ. ಯುಟು-2 ಹೊತ್ತೊಯ್ದ ಚೀನಾದ ಚಾಂಗ್‌ಎ-4 ಲ್ಯಾಂಡರ್ ಅಲ್ಲಿಯ ವಿಕಿರಣ ಅಳೆಯಿತು. ದಿನಕ್ಕೆ ಸುಮಾರು 1.37 ಮಿಲಿಸೀವರ್ಟ್ (ಮೈಗೆ ತಗುಲುವ ವಿಕಿರಣ ಅಳೆಯುವ ಮಾನ). ನಾಸಾ ತನ್ನ ಗಗನಯಾತ್ರಿಗೆ ಇಡೀ ವೃತ್ತಿಜೀವನಕ್ಕೆ ಇಟ್ಟ ಮಿತಿ 600 ಮಿಲಿಸೀವರ್ಟ್. ಮರೆ ಇಲ್ಲದೆ ಇದ್ದರೆ ಸುಮಾರು ಹದಿನಾಲ್ಕು ತಿಂಗಳಲ್ಲಿ ಖಾತೆ ಖಾಲಿ. ಇದರ ಮೇಲೆ ಸೌರ ಬಿರುಗಾಳಿ ಬೇರೆ. 1972ರ ಆಗಸ್ಟಿನಲ್ಲಿ ಅಂಥದೊಂದು ಬಂತು, ಅಪೊಲೊ 16 ಏಪ್ರಿಲ್‌ನಲ್ಲಿ ವಾಪಸಾಗಿತ್ತು, 17 ಇನ್ನೂ ಹೊರಟಿರಲಿಲ್ಲ. ನಡುವೆ ಯಾರೂ ಇರಲಿಲ್ಲ ಅನ್ನುವುದು ಅದೃಷ್ಟ, ಅಷ್ಟೇ.

ಮಣ್ಣು ಕೊಡುವ ಇನ್ನೊಂದು ಉಪಕಾರವನ್ನು ನಮ್ಮ ವಿಕ್ರಮ್ ಲ್ಯಾಂಡರೇ ತೋರಿಸಿಕೊಟ್ಟಿತು. ಅದರಲ್ಲಿ ಚೇಸ್ಟ್ ಅಂತ ಒಂದು ಸಲಾಕೆ ಇತ್ತು, ಹತ್ತು ತಾಪಮಾಪಕ ಕಟ್ಟಿದ್ದು. ಅದನ್ನು ಮೆಲ್ಲಗೆ ನೆಲಕ್ಕೆ ಇಳಿಸಿದರು. ಮೇಲೆ 50 ಡಿಗ್ರಿಗೂ ಜಾಸ್ತಿ ಬಿಸಿ, ಎಂಟು ಸೆಂಟಿಮೀಟರ್ ಕೆಳಗೆ ಸೊನ್ನೆಗಿಂತ ಹತ್ತು ಡಿಗ್ರಿ ಕಡಿಮೆ. ಒಂದು ಗೇಣೂ ಇಲ್ಲ, ಅಷ್ಟರಲ್ಲಿ 60 ಡಿಗ್ರಿ ವ್ಯತ್ಯಾಸ! ಗಾಳಿ ಇಲ್ಲದ ಸಡಿಲ ಪುಡಿಯಲ್ಲಿ ಶಾಖ ಹರಿಯುವುದೇ ಇಲ್ಲ. ಒಂದೆರಡು ಮೀಟರ್ ಹೂತುಕೊಂಡರೆ ಹಗಲು ರಾತ್ರಿ ಒಂದೇ ತಾಪ, ತಣ್ಣಗೆ ಹೌದು, ಆದರೆ ಏರುಪೇರಿಲ್ಲ. ಎಂಜಿನಿಯರಿಗೆ ಅಷ್ಟು ಸಾಕು.

ಲಾವಾ ಹರಿದು ಉಳಿದ ಗುಹೆಗಳ ಬಗ್ಗೆಯೂ ನೀವು ಕೇಳಿರಬಹುದು. ಜಪಾನಿನ ಕಗುಯಾ ನೌಕೆ 2009ರಲ್ಲಿ ಅಂಥ ಬಾವಿಯೊಂದನ್ನು ಕಂಡಿತು, ಚಂದ್ರಯಾನ-1ರ ಚಿತ್ರಗಳಲ್ಲೂ ಒಂದು ಸುರಂಗ ಸಿಕ್ಕಿತು. ಇನ್ನೊಂದು ಬಾವಿಯ ನೆರಳಿನ ಭಾಗ ಸುಮಾರು 17 ಡಿಗ್ರಿಯಲ್ಲೇ ಇರುತ್ತದೆ ಅಂತ 2022ರಲ್ಲಿ ಲೆಕ್ಕ ಹಾಕಿದರು. ಆಗುಂಬೆಯ ಚಳಿಗಾಲದ ಬೆಳಗಿಗಿಂತ ವಾಸಿ. ಆದರೆ ನೂರು ಮೀಟರ್ ಆಳಕ್ಕೆ ಸಾಮಾನು ಇಳಿಸುವವರು ಯಾರು, ಅಲ್ಲಿ ಕರೆಂಟಿಗೆ ಏನು? ಅದೂ ಅಲ್ಲದೆ ಧ್ರುವದ ನೀರು ಅಲ್ಲಿಂದ ಬಹಳ ದೂರ. ಮೊದಲ ನೆಲೆ ಅಲ್ಲಿ ಆಗುವುದಿಲ್ಲ.

ಉಪಕಾರ ಮಾಡುವ ಈ ಮಣ್ಣೇ ಹೊರಗೆ ಕಾಲಿಟ್ಟರೆ ಶತ್ರು. ನಮ್ಮ ಹೊಳೆ ಮರಳು ನೀರಲ್ಲಿ ಉರುಳಿ ಉರುಳಿ ನಯವಾಗಿರುತ್ತದೆ. ಅಲ್ಲಿ ಗಾಳಿ, ನೀರು ಏನೂ ಇಲ್ಲ. ಉಲ್ಕೆ ಬಡಿದು ಪುಡಿಯಾದ ಚೂರು ಕೋಟಿಗಟ್ಟಲೆ ವರ್ಷ ಹಾಗೇ ಚೂಪಾಗಿ ಬಿದ್ದಿರುತ್ತದೆ. ಇಸ್ರೊದವರು ತಮಿಳುನಾಡಿನ ಸಿತ್ತಂಪೂಂಡಿಯ ಅನಾರ್ಥೊಸೈಟ್ ಕಲ್ಲನ್ನು ಅರೆದು ಚಂದ್ರನ ಮಣ್ಣಿನ ನಕಲು ಮಾಡಿಕೊಂಡರು, ಚಂದ್ರಯಾನದ ಚಕ್ರಗಳನ್ನು ಪರೀಕ್ಷೆ ಮಾಡಲಿಕ್ಕೆ. ಅಪೊಲೊ 17ರವರ ಪಾಡು ಕೇಳಿ. ಯೂಜಿನ್ ಸರ್ನನ್ ಅವರ ಸುತ್ತಿಗೆ ತಗುಲಿ ಜೀಪಿನ ಮಡ್‌ಗಾರ್ಡ್ ಮುರಿಯಿತು. ಅಷ್ಟೇ, ಚಕ್ರ ಎರಚಿದ ಧೂಳು ಮಳೆ ಸುರಿದ ಹಾಗೆ ಅವರ ಮೇಲೇ ಬಿತ್ತು. ಕೊನೆಗೆ ನಾಲ್ಕು ನಕ್ಷೆಗಳನ್ನು ಟೇಪ್ ಹಚ್ಚಿ ಅಂಟಿಸಿ, ಕ್ಲಿಪ್ ಹಾಕಿ, ಅದನ್ನೇ ಮಡ್‌ಗಾರ್ಡ್ ಮಾಡಿಕೊಂಡರು. ಒಳಗೆ ಬಂದು ಹೆಲ್ಮೆಟ್ ತೆಗೆದರೆ ಸಿಡಿಮದ್ದಿನ ವಾಸನೆ. ಜೊತೆಗಿದ್ದ ಹ್ಯಾರಿಸನ್ ಸ್ಮಿಟ್ ಅವರಿಗೆ ಮೂಗು ಕಟ್ಟಿತು. ಕಲ್ಲು ತುಂಬಿದ ಪೆಟ್ಟಿಗೆಗಳ ಬಿರಡೆಯೂ ಧೂಳಿನಿಂದ ಸರಿಯಾಗಿ ಮುಚ್ಚಿಕೊಳ್ಳಲಿಲ್ಲ. ಇದು ಮೂರು ದಿನದ ಕಥೆ. ಮೂವತ್ತು ವರ್ಷ ತೆಗೆದು ಮುಚ್ಚುವ ಬಾಗಿಲಿನ ರಬ್ಬರ್ ಏನಾಗಬೇಕು?

ಇಲ್ಲಿ ನಿಮ್ಮ ಊರಿನ ಮಾತೇ ಸರಿಹೊಂದುತ್ತದೆ. ಹಿನ್ನೀರು ದಾಟಲಿಕ್ಕೆ ಲಾಂಚ್ (ದೊಡ್ಡ ದೋಣಿ) ಒಂದೇ ಗತಿ ಇದ್ದ ಕಾಲದಲ್ಲಿ ನೀವು ಹೇಗೆ ಯೋಚಿಸುತ್ತಿದ್ದಿರಿ? ಅಕ್ಕಿ ಬೇಳೆ ಮಳೆಗಾಲಕ್ಕೆ ಮುಂಚೆ ತುಂಬಿಟ್ಟರೆ ಆಯಿತು, ಅದು ದೊಡ್ಡ ಚಿಂತೆಯಲ್ಲ. ಚಿಂತೆ ಇದ್ದದ್ದು ಪಂಪ್‌ಸೆಟ್ಟಿನ ಒಂದು ಸಣ್ಣ ಭಾಗ ಹೋದರೆ ಅದಕ್ಕೋಸ್ಕರ ಸಾಗರಕ್ಕೆ ಹೋಗಬೇಕಲ್ಲ ಅಂತ, ಸಂಜೆ ಕೊನೆಯ ಲಾಂಚ್ ಹೋದ ಮೇಲೆ ಯಾರಿಗಾದರೂ ಎದೆನೋವು ಬಂದರೆ ಅಂತ. ಚಂದ್ರನ ನೆಲೆಗೂ ಹಾಗೇ. ಊಟದ ಲೆಕ್ಕ ಸುಲಭ. ಒಬ್ಬರಿಗೆ ದಿನಕ್ಕೆ ಪೊಟ್ಟಣ ಸೇರಿ 1.8 ಕೆಜಿ ಆಹಾರ ಅಂದರೆ ನಾಲ್ಕು ಜನರಿಗೆ ವರ್ಷಕ್ಕೆ 2.6 ಟನ್. ಆಮ್ಲಜನಕ ಸುಮಾರು 1.2 ಟನ್. ನೀರು ಇನ್ನೂ ಸುಲಭ. ಬಾಹ್ಯಾಕಾಶ ನಿಲ್ದಾಣದಲ್ಲಿ ಬೆವರು, ಮೂತ್ರ ಎಲ್ಲ ಸೋಸಿ ಶೇ. 98ರಷ್ಟು ನೀರನ್ನು ವಾಪಸ್ ಪಡೆಯುವ ಮಟ್ಟಕ್ಕೆ 2023ರಲ್ಲಿ ಮುಟ್ಟಿದರು. ಆದರೆ ಸೋಸುವ ಯಂತ್ರ ಕೆಟ್ಟರೆ? ನಿಲ್ದಾಣ 400 ಕಿ.ಮೀ. ಮೇಲಿದೆ, ತೀರಾ ಆಗದಿದ್ದರೆ ಕೆಲವೇ ಗಂಟೆಯಲ್ಲಿ ಇಳಿದು ಬರಬಹುದು. ಚಂದ್ರ 3,84,400 ಕಿ.ಮೀ. ದೂರ, ಮೂರು ದಿನದ ದಾರಿ, ಅದೂ ಹೊರಡಲಿಕ್ಕೆ ರಾಕೆಟ್ ಸಿದ್ಧ ಇದ್ದರೆ. ಅದಕ್ಕೇ ಅಲ್ಲಿ ಯಂತ್ರ ಎಷ್ಟು ಬುದ್ಧಿವಂತ ಅನ್ನುವುದಕ್ಕಿಂತ ಕೈಯಲ್ಲಿ ಬಿಚ್ಚಿ ಜೋಡಿಸೋಕೆ ಆಗುತ್ತಾ ಅನ್ನುವುದು ಮುಖ್ಯ.

ಸಾಮಾನು ಸುರಕ್ಷಿತವಾಗಿ ಇಳಿಯುವುದೂ ಇನ್ನೂ ಪಳಗಿದ ವಿದ್ಯೆ ಅಲ್ಲ. 2019ರಲ್ಲಿ ನಮ್ಮ ಚಂದ್ರಯಾನ-2ರ ಲ್ಯಾಂಡರ್, 2023ರಲ್ಲಿ ರಷ್ಯಾದ ಲೂನಾ-25 ಅಪ್ಪಳಿಸಿದವು. ಅಮೆರಿಕದ ಖಾಸಗಿ ಲ್ಯಾಂಡರ್‌ಗಳು 2024ರಲ್ಲೂ 2025ರಲ್ಲೂ ದಕ್ಷಿಣ ಧ್ರುವದ ಕಡೆ ಇಳಿದು ಪಕ್ಕಕ್ಕೆ ಒರಗಿದವು. ನೆಲೆ ಅಂದಮೇಲೆ ಒಂದೇ ಜಾಗಕ್ಕೆ ಮತ್ತೆ ಮತ್ತೆ ಇಳಿಯಬೇಕು. ಇಳಿಯುವ ರಾಕೆಟ್ಟಿನ ಬೆಂಕಿ ಧೂಳನ್ನು ಗುಂಡಿನ ಹಾಗೆ ಎರಚುತ್ತದೆ. ಅಪೊಲೊ 12 ಇಳಿದದ್ದು ಹಳೆಯ ಸರ್ವೇಯರ್ 3 ನೌಕೆಯಿಂದ 160 ಮೀಟರ್ ದೂರದಲ್ಲಿ, ಅಷ್ಟಕ್ಕೇ ಅದರ ಮೈ ಉಜ್ಜಿದ ಹಾಗಾಗಿತ್ತು. ಆದ್ದರಿಂದ ಮನೆಗಿಂತ ಮೊದಲು ಇಳಿಯುವ ಕಟ್ಟೆ ಆಗಬೇಕು.

ನೀರಿನ ವಿಷಯಕ್ಕೆ ಬರೋಣ. ಚಂದ್ರನಲ್ಲಿ ನೀರು ಕಂಡದ್ದರಲ್ಲಿ ನಮ್ಮ ಪಾಲು ದೊಡ್ಡದು, 2008ರ ಚಂದ್ರಯಾನ-1. ಮರುವರ್ಷ ನಾಸಾ ದಕ್ಷಿಣ ಧ್ರುವದ ಕಾಬಿಯಸ್ ಕುಳಿಗೆ ರಾಕೆಟ್ ಭಾಗವೊಂದನ್ನು ಅಪ್ಪಳಿಸಿತು, ಎದ್ದ ಧೂಳಲ್ಲಿ ಸುಮಾರು 155 ಕೆಜಿ ನೀರು ಕಂಡಿತು. ಮಣ್ಣಲ್ಲಿ ಅದರ ಪಾಲು ಶೇ. 5ರ ಆಸುಪಾಸು. ಇದನ್ನೇ ಹಿಡಿದು ಚಂದ್ರನಲ್ಲಿ ಇಂಧನ ಬಂಕ್ ತೆರೀತೀವಿ ಅನ್ನುವವರ ಮಾತು ನನಗೆ ಅಷ್ಟಾಗಿ ರುಚಿಸುವುದಿಲ್ಲ. ಆ ಕುಳಿಗಳ ತಳಕ್ಕೆ ಸೂರ್ಯನ ಬೆಳಕು ಬಿದ್ದೇ ಇಲ್ಲ, ಸೊನ್ನೆಗಿಂತ 200 ಡಿಗ್ರಿಗೂ ಕೆಳಗೆ. ಆ ಚಳಿಯಲ್ಲಿ ಮಂಜು ಸೇರಿದ ಮಣ್ಣು ಕಲ್ಲಿನಷ್ಟು ಗಟ್ಟಿ, ಯಂತ್ರದ ಗ್ರೀಸ್ ಹೆಪ್ಪುಗಟ್ಟುತ್ತದೆ, ಸೌರಫಲಕ ಕೆಲಸಕ್ಕೆ ಬರುವುದಿಲ್ಲ. ಅಲ್ಲಿ ಇನ್ನೂ ಯಾರೂ ಒಂದು ತೂತೂ ಕೊರೆದಿಲ್ಲ. ಭಾರತ ಮತ್ತು ಜಪಾನ್ ಸೇರಿ ಮಾಡುತ್ತಿರುವ ಚಂದ್ರಯಾನ-5 ಧ್ರುವದ ಕಡೆ ಹೋಗಿ ಕೊರೆದು ನೋಡಲಿದೆ. ಅದರ ಫಲಿತಾಂಶ ಬರುವ ತನಕ ನೀರಿನ ಲೆಕ್ಕದ ಮೇಲೆ ಯೋಜನೆ ಮಾಡುವುದು ಅವಸರ. ಆಮ್ಲಜನಕ ಮಾತ್ರ ಕಾಲಡಿಯಲ್ಲೇ ಇದೆ, ಮಣ್ಣಿನ ತೂಕದ ಶೇ. 40ಕ್ಕೂ ಜಾಸ್ತಿ ಅದೇ. ಆದರೆ ಕಲ್ಲಿಗೆ ಅಂಟಿಕೊಂಡಿದೆ, ಬಿಡಿಸೋಕೆ ಕರಗಿಸುವಷ್ಟು ಶಾಖ ಬೇಕು. ತಿರುಗಿ ಕರೆಂಟಿನ ಮಾತೇ.

ಬೆಳೆ ಬೆಳೆಯೋದು ಬರೀ ಪ್ರಯೋಗ. 2022ರಲ್ಲಿ ಫ್ಲಾರಿಡಾ ವಿಶ್ವವಿದ್ಯಾಲಯದವರು ಅಪೊಲೊ ತಂದ ಮಣ್ಣಲ್ಲಿ ಸಾಸಿವೆ ಜಾತಿಯ ಸಣ್ಣ ಗಿಡ ಬೆಳೆಸಿದರು, ಬೆಳೆಯಿತು, ಆದರೆ ಸೊರಗಿತು. 2025ರಲ್ಲಿ ಶುಭಾಂಶು ಶುಕ್ಲಾ ನಿಲ್ದಾಣಕ್ಕೆ ಹೋದಾಗ ನಮ್ಮ ಧಾರವಾಡ ಕೃಷಿ ವಿಶ್ವವಿದ್ಯಾಲಯದ ಹೆಸರುಕಾಳು, ಮೆಂತ್ಯ ಮೊಳಕೆಯ ಪ್ರಯೋಗವೂ ಜೊತೆಗೆ ಹೋಯಿತು. ಮೊಳಕೆ ತಿನ್ನಬಹುದು, ಹೊಟ್ಟೆ ತುಂಬಿಸಲಿಕ್ಕೆ ಬಹಳ ಕಾಲ ಡಬ್ಬಿ ಊಟವೇ.

ಮೈಯ ವಿಷಯ ಹೆಚ್ಚು ಹೇಳಲಿಕ್ಕಿಲ್ಲ, ಯಾಕೆಂದರೆ ಗೊತ್ತಿರುವುದೇ ಕಡಿಮೆ. ತೂಕವೇ ಇಲ್ಲದ ಕಡೆ ವ್ಯಾಯಾಮ ಮಾಡದಿದ್ದರೆ ಮೂಳೆ ತಿಂಗಳಿಗೆ ಶೇ. 1ರಿಂದ 1.5ರಷ್ಟು ಸವೆಯುತ್ತದೆ. ಆರನೇ ಒಂದು ತೂಕದಲ್ಲಿ ಏನಾಗುತ್ತದೆ ಅನ್ನುವುದಕ್ಕೆ ಇರುವ ಪುರಾವೆ ಹನ್ನೆರಡು ಗಂಡಸರು ಒಂದರಿಂದ ಮೂರು ದಿನ ಇದ್ದು ಬಂದದ್ದು, ಅಷ್ಟೇ. ಮಕ್ಕಳು ಹುಟ್ಟಿ ಬೆಳೆಯುವ ಊರಿನ ಮಾತು ಆಡುವವರು ಇದನ್ನು ನೆನಪಿಡಬೇಕು.

ಇಷ್ಟೆಲ್ಲ ಹೇಳಿದ ಮೇಲೂ ನನ್ನ ಉತ್ತರ ಆಗುತ್ತದೆ ಅಂತಲೇ. ಮೇಲಿನ ಯಾವುದೂ ಪ್ರಕೃತಿ ನಿಯಮಕ್ಕೆ ವಿರುದ್ಧ ಇಲ್ಲ, ಎಲ್ಲ ದುಡ್ಡು, ತಾಳ್ಮೆ ಬೇಡುವ ಕೆಲಸ. 1960ರ ದಶಕದ ನಡುವೆ ಅಮೆರಿಕ ತನ್ನ ಕೇಂದ್ರ ಬಜೆಟ್ಟಿನ ಶೇ. 4ಕ್ಕೂ ಜಾಸ್ತಿ ನಾಸಾಗೆ ಸುರಿಯಿತು. ಈಗ ಅದು ಅರ್ಧ ಶೇಕಡಾಕ್ಕಿಂತ ಕಡಿಮೆ. ಒಂದು ಸರ್ಕಾರ ಮಂಜೂರು ಮಾಡಿದ್ದನ್ನು ಮುಂದಿನದು ತಡೆಹಿಡಿಯುವುದು ಏನು ಅಂತ ಶರಾವತಿ ಹಿನ್ನೀರಿನವರಿಗೆ ನಾನು ಹೇಳಬೇಕಾಗಿಲ್ಲ. ಅಮೆರಿಕ ಒಂದು ಕಡೆ ಚಂದ್ರನಿಗೆ ಮತ್ತೆ ಜನರನ್ನು ಕಳಿಸುವ ಆರ್ಟೆಮಿಸ್ ಯೋಜನೆ ನಡೆಸುತ್ತಿದೆ, 2023ರಲ್ಲಿ ಭಾರತವೂ ಅದರ ಒಪ್ಪಂದಕ್ಕೆ ಸಹಿ ಹಾಕಿದೆ. ಇನ್ನೊಂದು ಕಡೆ ಚೀನಾ, ರಷ್ಯಾ ಸೇರಿ ಬೇರೆ ನೆಲೆಯ ಯೋಜನೆ ಹಾಕಿಕೊಂಡಿವೆ. ನಮ್ಮ ಸರ್ಕಾರ ಹೇಳಿರುವುದು 2035ಕ್ಕೆ ಸ್ವಂತ ಬಾಹ್ಯಾಕಾಶ ನಿಲ್ದಾಣ, 2040ಕ್ಕೆ ಚಂದ್ರನ ಮೇಲೆ ಭಾರತೀಯ. ಈ ಪೈಪೋಟಿ ಇರುವ ತನಕ ದುಡ್ಡು ಬರುತ್ತದೆ. ನನ್ನ ಅಂದಾಜು ಕೇಳಿದರೆ, 2030ರ ದಶಕದಲ್ಲಿ ವಾರಗಟ್ಟಲೆ ಇದ್ದು ಬರುತ್ತಾರೆ, ಖಾಲಿ ಬೀಳದ ನೆಲೆ 2040ರ ದಶಕದಲ್ಲಿ, ಅದೂ ರಿಯಾಕ್ಟರ್ ಸರಿಯಾಗಿ ನಡೆದರೆ. ಅಂಟಾರ್ಕ್ಟಿಕಾದ ನಮ್ಮ ಮೊದಲ ನೆಲೆ ದಕ್ಷಿಣ ಗಂಗೋತ್ರಿ ಹಿಮದಲ್ಲಿ ಹೂತು ಹತ್ತು ವರ್ಷದೊಳಗೇ ಕೈಬಿಡಬೇಕಾಯಿತು, ಅದರ ಬದಲಿಗೆ ಮೈತ್ರಿ ಕಟ್ಟಿದರು. ಚಂದ್ರನ ಮೊದಲ ನೆಲೆಗೂ ಅಂಥ ಗತಿ ಬಂದರೆ ಆಶ್ಚರ್ಯ ಪಡಬೇಡಿ.

ಮಗಳ ವಿಷಯ. ಆಕೆಗೆ ಬೇಕಾದ್ದು 'ಬಾಹ್ಯಾಕಾಶ' ಅಂತ ಹೆಸರಿರುವ ದುಬಾರಿ ಕೋರ್ಸ್ ಅಲ್ಲ. ಮೆಕ್ಯಾನಿಕಲ್, ಎಲೆಕ್ಟ್ರಿಕಲ್, ಲೋಹಶಾಸ್ತ್ರ, ಮಣ್ಣಿನ ಎಂಜಿನಿಯರಿಂಗ್, ವೈದ್ಯಕೀಯ, ಯಾವುದಾದರೂ ಸರಿ, ಅದರಲ್ಲಿ ಗಟ್ಟಿಯಾಗಲಿ. ಪಿಯುಸಿ ಫಿಸಿಕ್ಸ್, ಮ್ಯಾಥ್ಸ್ ಬಿಡಬಾರದು. ತಿರುವನಂತಪುರದಲ್ಲಿ ಬಾಹ್ಯಾಕಾಶ ಇಲಾಖೆಯದೇ ಐಐಎಸ್‌ಟಿ ಕಾಲೇಜಿದೆ, ಜೆಇಇ ಅಡ್ವಾನ್ಸ್‌ಡ್ ಮೂಲಕ ಸೀಟು, ಅದಕ್ಕೂ ತಯಾರಿ ಮಾಡಲಿ. ಸಿಗದಿದ್ದರೆ ಕೆಟ್ಟದ್ದೇನೂ ಇಲ್ಲ, ಇಸ್ರೊಗೆ ಮಾಮೂಲಿ ಎಂಜಿನಿಯರಿಂಗ್ ಕಾಲೇಜಿನಿಂದ ಹೋದವರೇ ಜಾಸ್ತಿ. ಇನ್ನೊಂದು, ಮನೆಯ ಮಿಕ್ಸಿ, ಮೋಟರ್ ಕೆಟ್ಟರೆ ಅವಳ ಕೈಗೆ ಕೊಡಿ, ಬಿಚ್ಚಿ ನೋಡಲಿ. ಬೈಯಬೇಡಿ.

ಇನ್ನು ಎಕರೆ ವ್ಯಾಪಾರ. 1967ರ ಬಾಹ್ಯಾಕಾಶ ಒಪ್ಪಂದದ ಪ್ರಕಾರ ಚಂದ್ರನ ಮೇಲೆ ಯಾವ ದೇಶವೂ ಒಡೆತನ ಸಾಧಿಸುವ ಹಾಗಿಲ್ಲ. ಭಾರತ, ಅಮೆರಿಕ, ರಷ್ಯಾ, ಚೀನಾ ಎಲ್ಲ ಅದಕ್ಕೆ ಬದ್ಧ. ದೇಶಕ್ಕೇ ಇಲ್ಲದ ಜಾಗವನ್ನು ಮಾರುವವರಿಗೆ ಯಾರು ಕೊಟ್ಟರು? ಪಹಣಿ ಇಲ್ಲ, ಖಾತೆ ಇಲ್ಲ, ನೋಂದಣಿ ಮಾಡುವ ಕಚೇರಿಯೂ ಇಲ್ಲ. ದುಡ್ಡು ಕಟ್ಟಿಲ್ಲದಿದ್ದರೆ ಕಟ್ಟಬೇಡಿ. ಕಟ್ಟಿಬಿಟ್ಟಿದ್ದರೆ ಅವರು ಕಳಿಸುವ ಬಣ್ಣದ ಸರ್ಟಿಫಿಕೇಟಿಗೆ ಫ್ರೇಮ್ ಹಾಕಿಸಿ ಗೋಡೆಗೆ ತೂಗುಹಾಕಬಹುದು, ಬೇರೆ ಉಪಯೋಗ ಇಲ್ಲ.